ಠಾಣೆಯ ಗೋಡೆಯ ಅಲಸಂದೆಕಾಯಿ

ನನ್ನ ದೊಡ್ಡಪ್ಪ ದೆಂಬೊ ತ್ರಾವೊರೆಗೆ ಊರಿನ ಅರ್ಧ ಗೋಡೆಗಳು ಪರಿಚಯ. ಕ್ಷೌರದಂಗಡಿಯ ಬಾಗಿಲ ಮೇಲಿನ ಮೂರು ತಲೆಗಳು ಅವನು ಬರೆದದ್ದು. ಔಷಧದಂಗಡಿಯ ಹಾವು, ಮಾಂಸದಂಗಡಿಯ ನಗುವ ಟಗರು, ಶಾಲೆಯ ಗೋಡೆಯ ಗುಣಾಕಾರದ ಮಗ್ಗಿ, ಎಲ್ಲವೂ ಅವನವೇ. ಆದರೆ ‘ನನ್ನ ಗೋಡೆ’ ಎಂದು ಅವನು ಹೇಳುತ್ತಿದ್ದುದು ಒಂದಕ್ಕೆ ಮಾತ್ರ. ಅದು ನದಿ ದಡದ ಗಡಿ ಠಾಣೆಯ ಮುಂಗೋಡೆ.

ಫಾಲೆಮೆ ನದಿಯ ಈ ದಡ ಮಾಲಿ, ಆ ದಡ ಸೆನೆಗಲ್. ನಡುವೆ, ಮೇ ತಿಂಗಳಲ್ಲಿ, ಮೊಣಕಾಲುದ್ದ ನೀರು. ಕತ್ತೆಗಳು ಒಂದು ದೇಶದಲ್ಲಿ ಮೇದು ಇನ್ನೊಂದು ದೇಶದಲ್ಲಿ ಮಲಗುತ್ತವೆ.

ಸಾವಿರದ ಒಂಬೈನೂರ ತೊಂಬತ್ತೊಂಬತ್ತರಲ್ಲಿ ಠಾಣೆ ಕಟ್ಟಿದಾಗ, ಪಶ್ಚಿಮ ಆಫ್ರಿಕದ ದೇಶಗಳ ಒಕ್ಕೂಟದ ಲಾಂಛನವನ್ನು ಅದರ ಮೇಲೆ ಬರೆಯುವ ಕೆಲಸ ದೊಡ್ಡಪ್ಪನಿಗೆ ಸಿಕ್ಕಿತು. ಅಂದಿನ ಅಧಿಕಾರಿ, “ಈ ಒಕ್ಕೂಟ ಶಾಶ್ವತ. ಬರಹನೂ ಹಾಗೇ ಇರ್ಬೇಕು” ಎಂದರಂತೆ. ಅಧಿಕಾರಿಗಳು ಹೇಳುವುದನ್ನು ನಿಜವೆಂದು ನಂಬುವ ವಯಸ್ಸು ಅವನದು. ರಸ್ತೆ ಕೆಲಸದವರು ಬಿಟ್ಟುಹೋಗಿದ್ದ ಡಾಂಬರನ್ನು ಸೀಮೆಎಣ್ಣೆಯಲ್ಲಿ ತೆಳುಮಾಡಿ, ಒಂದೊಂದು ಗೆರೆಯ ಕೆಳಗೂ ಅದನ್ನೇ ಬಳಿದು, ಒಣಗಿಸಿ, ಮೇಲೆ ಬಣ್ಣ ಹಚ್ಚಿದ. ಇಪ್ಪತ್ತಾರು ಮಳೆಗಾಲ ಕಳೆದರೂ ಒಂದಕ್ಷರ ಉದುರಲಿಲ್ಲ.

ಲಾಂಛನದ ಸುತ್ತ ಎಲೆಗಳ ಬಳ್ಳಿಯೊಂದನ್ನು ಅವನಾಗಿಯೇ ಸೇರಿಸಿದ್ದ. ಆ ಎಲೆಗಳ ನಡುವೆ ಗೇಣುದ್ದದ ಒಂದು ಅಲಸಂದೆಕಾಯಿ. ಅದಕ್ಕೆ ಮಾತ್ರ ಮೂರು ಸಲ ಡಾಂಬರು ಬಳಿದಿದ್ದ.

ಆ ಕಾಯಿ ಇದ್ದದ್ದು ಸಿರಿಮಾನ್ ದಿಯಾರಾನಿಗಾಗಿ. ಸಿರಿಮಾನ್ ಆ ದಡದ ಪೇಂಟರ್. ತ್ರಾವೊರೆ ಮನೆತನದವರೂ ದಿಯಾರಾ ಮನೆತನದವರೂ ಹುಟ್ಟುತ್ತಲೇ ನಗೆನಂಟರು. ಎದುರಾದರೆ ಬೈಯಬೇಕು. ಬೈಸಿಕೊಂಡವನು ಸಿಟ್ಟಾಗಬಾರದು. ನಂಟಿನ ಹೆಸರು ಹೇಳಿ ಏನಾದರೂ ಕೇಳಿದರೆ ಇಲ್ಲ ಎನ್ನಬಾರದು. ಬೈಗುಳವೂ ನೂರಾರು ವರ್ಷದಿಂದ ಒಂದೇ: ‘ಅಲಸಂದೆ ತಿನ್ನೋನೇ!’ ಇಬ್ಬರೂ ಒಬ್ಬರಿಗೊಬ್ಬರು ಇದನ್ನೇ ಹೇಳುತ್ತಾರೆ, ಇಬ್ಬರೂ ಒಪ್ಪುವುದಿಲ್ಲ.

ಸಿರಿಮಾನ್ ಬಂದು ಗೋಡೆಯನ್ನು ಬಹಳ ಹೊತ್ತು ನೋಡಿದನಂತೆ. ಹಾಗೇ ಹೊಳೆ ದಾಟಿ ವಾಪಸು ಹೋದನಂತೆ. ವಾರ ಕಳೆದು ಆ ದಡದ ಠಾಣೆಯ ಮೇಲೂ ಅದೇ ಲಾಂಛನ ಎದ್ದಿತು. ಅದರ ಎಲೆಗಳ ನಡುವೆ ಒಂದು ಚಮಚ ಇತ್ತು, ಹಿಡಿ ನಮ್ಮ ಕಡೆಗೆ.

ಎರಡೂ ಸರ್ಕಾರಗಳಿಗೆ ಇದು ಇಂದಿಗೂ ಗೊತ್ತಿಲ್ಲ.

ಎರಡು ಸಾವಿರದ ಇಪ್ಪತ್ತೈದರ ಜನವರಿಯಲ್ಲಿ ನಮ್ಮ ದೇಶ, ಜೊತೆಗೆ ನೆರೆಯ ಇನ್ನೆರಡು ದೇಶಗಳು, ಒಕ್ಕೂಟ ಬಿಟ್ಟವು. ರೇಡಿಯೋದಲ್ಲಿ ಹೇಳಿದರು. ಅಂದು ಬೆಳಿಗ್ಗೆಯೂ ಆ ದಡದ ಹೆಂಗಸರು ದೋಣಿಯಲ್ಲಿ ಒಣಮೀನು ತಂದರು, ನಮ್ಮವರು ಕಡಲೆಕಾಯಿ ಕೊಂಡೊಯ್ದರು. ಮೀನು ಹಿಂದಿನ ದಿನದಷ್ಟೇ ನಾರುತ್ತಿತ್ತು.

ಮೇ ತಿಂಗಳಲ್ಲಿ ಆದೇಶ ಬಂತು. ಒಕ್ಕೂಟದ ನಿಯೋಗವೊಂದು ಗಡಿ ನೋಡಲು ಗುರುವಾರ ಬರುತ್ತದೆ, ಬಿಟ್ಟ ಮೇಲೆ ಒಟ್ಟಿಗೆ ಇರುವುದು ಹೇಗೆ ಎಂದು ಮಾತಾಡಲು. ಅವರು ಬರುವ ಮೊದಲು ಗೋಡೆಯಿಂದ ಅವರ ಲಾಂಛನ ಹೋಗಬೇಕು, ನಮ್ಮ ಮೂರು ದೇಶಗಳ ಹೊಸ ಕೂಟದ ಲಾಂಛನ ಬರಬೇಕು.

ಬರೆದವನೇ ಅಳಿಸಲಿ ಎಂದು ದೊಡ್ಡಪ್ಪನನ್ನು ಕರೆದರು. ಶನಿವಾರ ಒಂದು ಸುತ್ತು ಸುಣ್ಣ ಹೊಡೆದ, ಭಾನುವಾರ ಇನ್ನೊಂದು. ಬೆಳಿಗ್ಗೆ ಗೋಡೆ ಹಾಲಿನಂತೆ ಇರುತ್ತಿತ್ತು. ಮಧ್ಯಾಹ್ನ ಕಲ್ಲು ಕಾದು, ಒಳಗಿನ ಡಾಂಬರು ಬೆವರಿ, ಸುಣ್ಣದ ಮೇಲೆ ಕಂದು ಗೆರೆಗಳು ಮೆಲ್ಲಗೆ ಮೂಡುತ್ತಿದ್ದವು. ಎಲೆಗಳು, ಆಮೇಲೆ ಅಕ್ಷರಗಳು. ಎಲ್ಲಕ್ಕಿಂತ ಮೊದಲು, ಎಲ್ಲಕ್ಕಿಂತ ಗಾಢವಾಗಿ, ಅಲಸಂದೆಕಾಯಿ.

ಸೋಮವಾರ ಮೂರನೆಯ ಸುತ್ತು. ನಾನು ಮಜ್ಜಿಗೆ ಕೊಡಲು ಹೋಗಿದ್ದೆ. ಠಾಣೆಯ ಮುಖ್ಯಸ್ಥ ಬಾಕೊರೊ ದಿಯಾರಾ ಸೊಂಟಕ್ಕೆ ಕೈಕೊಟ್ಟು ಏಣಿಯ ಕೆಳಗೆ ನಿಂತಿದ್ದ.

“ಏನಯ್ಯ ತ್ರಾವೊರೆ, ಸುಣ್ಣಕ್ಕೆ ನೀರು ಜಾಸ್ತಿ ಹಾಕಿದ್ಯಾ?”

“ಇಲ್ಲ ಸಾಹೇಬ್ರೆ, ಬಿಸಿಲು ಜಾಸ್ತಿ ಆಗಿದೆ.”

“ದೇಶವೇ ಬಿಟ್ಟು ನಾಲ್ಕು ತಿಂಗಳಾಯ್ತು. ನಿನ್ನ ಗೋಡೆ ಇನ್ನೂ ಬಿಡ್ತಿಲ್ಲ.” ಅವನು ಕತ್ತೆತ್ತಿ ಕಣ್ಣು ಕಿರಿದು ಮಾಡಿದ. “ಅದೇನದು, ಮಧ್ಯದಲ್ಲಿ?”

“ಎಲೆ.”

“ಎಲೇಲಿ ಕಾಳು ಇರತ್ತಾ? ಒಂದು, ಎರಡು, ಮೂರು... ಏಳು ಕಾಳು! ಲೋ ಮುದುಕ, ಮೂರು ವರ್ಷದಿಂದ ನಾನು ಇದರ ಕೆಳಗೇ ಕೂತು ಸೀಲು ಹೊಡೀತಿದೀನಲ್ಲೋ!”

“ನಿಮಗಿಂತ ಮುಂಚೆ ಇನ್ನಿಬ್ಬರು ದಿಯಾರಾಗಳು ಕೂತಿದ್ರು ಸಾಹೇಬ್ರೆ. ಯಾರಿಗೂ ಹೊಟ್ಟೆ ಉಬ್ಬರಿಸಲಿಲ್ಲ.”

ಪೊಲೀಸರು ಗೋಡೆಯ ಕಡೆ ತಿರುಗಿಕೊಂಡು ನಕ್ಕರು. ಬಾಕೊರೊ ಟೋಪಿ ತೆಗೆದ, ತಾನೂ ಹೊಟ್ಟೆ ಹಿಡಿದು ನಕ್ಕ. ನಗೆನಂಟನಾಗಿ ನಗಲೇಬೇಕಿತ್ತು. ಕಣ್ಣೊರೆಸಿಕೊಂಡು ಮತ್ತೆ ಟೋಪಿ ಹಾಕಿದ. ಹಾಕಿದ ಮೇಲೆ ಅವನು ಠಾಣೆಯ ಮುಖ್ಯಸ್ಥ.

“ಕೇಳಿಲ್ಲಿ. ಗುರುವಾರ ಇದರಲ್ಲಿ ಒಂದಕ್ಷರ ಕಂಡ್ರೆ, ಪೇಟೆಯಿಂದ ಫ್ಲೆಕ್ಸ್ ತರಿಸಿ ಇಡೀ ಗೋಡೆ ಮುಚ್ಚಿಸ್ತೀನಿ. ಆಮೇಲೆ ನಿನ್ನ ಏಣಿ ಈ ಕಡೆ ಬರೋದೇ ಬೇಡ.”

ದೊಡ್ಡಪ್ಪ ಮಜ್ಜಿಗೆ ಕುಡಿಯಲಿಲ್ಲ. ಶಾಲೆಯ ಮಗ್ಗಿ ಹೋದ ವರ್ಷವೇ ಫ್ಲೆಕ್ಸ್‌ನ ಹಿಂದೆ ಹೋಗಿತ್ತು. ಹಾವೂ ಟಗರೂ ಹೋಗಿದ್ದವು. ಕ್ಷೌರದಂಗಡಿಯ ತಲೆಗಳ ಜಾಗದಲ್ಲಿ ಯಾರೋ ಫುಟ್‌ಬಾಲ್ ಆಟಗಾರನ ಮುದ್ರಿತ ತಲೆ ಹೊಳೆಯುತ್ತಿತ್ತು. ಕೈಯಿಂದ ಬರೆದದ್ದು ಇನ್ನು ಉಳಿದಿದ್ದುದು ಈ ಗೋಡೆಯೊಂದೇ.

ಡಾಂಬರನ್ನು ತಡೆಯುವುದು ಒಂದೇ ಬಣ್ಣ. ನೀರಿನ ಟ್ಯಾಂಕಿಗೆ ಬಳಿಯುವ ಬೆಳ್ಳಿ ಬಣ್ಣ. ಅದು ಈ ಸುತ್ತಿನಲ್ಲಿ ಇದ್ದುದು ಸಿರಿಮಾನ್ ಒಬ್ಬನ ಹತ್ತಿರ.

“ಹೋಗಿ ಕೇಳ್ರೀ,” ಎಂದಳು ದೊಡ್ಡಮ್ಮ.

“ಅವನ ಬಾಗಿಲಿಗಾ? ಅಲಸಂದೆ ಮಾತು ತೆಗೀತಾನೆ. ಒಪ್ಕೋ ಅಂತಾನೆ. ಇಪ್ಪತ್ತಾರು ವರ್ಷದಿಂದ ಕಾಯ್ತಿದಾನೆ.”

“ಒಪ್ಕೊಳ್ಳಿ. ತಿಂಗಳಿಗೆರಡು ಸಲ ಬಾಗಿಲು ಹಾಕಿಸಿ ಎರಡೆರಡು ಬಟ್ಟಲು ತಿನ್ನೋರು ಯಾರು, ನಮ್ಮಪ್ಪನಾ?”

“ಮೆತ್ತಗೆ ಮಾತಾಡೇ.”

ಮಂಗಳವಾರ ಬೆಳಿಗ್ಗೆ ನಾನೂ ಅವನೂ ಚಪ್ಪಲಿ ಕೈಯಲ್ಲಿ ಹಿಡಿದು ಹೊಳೆ ದಾಟಿದೆವು. ಆ ದಡದ ಪೊಲೀಸ್ ಗುರುತಿನ ಚೀಟಿ ಕೇಳಿದ. ದೊಡ್ಡಪ್ಪ ಜೇಬಿನಿಂದ ತೆಗೆದು ಕೊಟ್ಟ. ಚೀಟಿಯ ಮೂಲೆಯಲ್ಲಿ ಒಕ್ಕೂಟದ ಅದೇ ಲಾಂಛನ ಹೊಳೆಯುತ್ತಿತ್ತು.

“ಇದು ಇನ್ನೂ ನಡೆಯತ್ತಾ ಮಗಾ?” ಎಂದು ದೊಡ್ಡಪ್ಪನೇ ಕೇಳಿದ.

“ನಡೆಯತ್ತೆ ಅಜ್ಜ, ಸದ್ಯಕ್ಕೆ. ಯಾವ ಕೆಲಸಕ್ಕೆ ಬಂದ್ರಿ?”

ದೊಡ್ಡಪ್ಪ ಚೀಟಿ ವಾಪಸು ತೆಗೆದುಕೊಂಡು, ಅದರ ಮೂಲೆಯನ್ನು ಹೆಬ್ಬೆರಳಿನಿಂದ ಮುಚ್ಚಿಕೊಂಡು, “ಬಣ್ಣ ತಗೊಳ್ಳೋಕೆ,” ಎಂದ.

ಸಿರಿಮಾನ್ ಬೇವಿನ ನೆರಳಲ್ಲಿ ಚಹಾ ಕಾಯಿಸುತ್ತಿದ್ದ. ಹಲ್ಲು ಅರ್ಧ ಹೋಗಿದ್ದವು, ನಗು ಪೂರ್ತಿ ಇತ್ತು.

“ಬಾರೋ, ಬಾರೋ ಅಲಸಂದೆ ಗುಲಾಮ! ಏನೋ, ಒಕ್ಕೂಟ ಬಿಟ್ಟ ಮೇಲೆ ಊಟಕ್ಕೆ ಇಲ್ಲಿಗೆ ಬಂದ್ಯಾ? ಈ ಪುಟ್ಟ ಅಲಸಂದೇನೂ ಕರ್ಕೊಂಡು ಬಂದಿದೀಯಾ?” ಪುಟ್ಟ ಅಲಸಂದೆ ನಾನು.

“ನಿನ್ನಂಥೋರ ಜೊತೆ ಇರೋಕಾಗದೇನೇ ದೇಶ ಬಿಟ್ಟಿದ್ದು ಕಣೋ,” ಎಂದ ದೊಡ್ಡಪ್ಪ. ಆಮೇಲೆ ದನಿ ಇಳಿಸಿದ. “ನಗೆನಂಟಿನ ಹೆಸರಲ್ಲಿ ಕೇಳ್ತೀನಿ. ಬೆಳ್ಳಿ ಬಣ್ಣ ಬೇಕು. ಗೋಡೆ ಹೋಗತ್ತೆ.”

ಸಿರಿಮಾನ್ ಚಹಾವನ್ನು ಒಂದು ಲೋಟದಿಂದ ಇನ್ನೊಂದಕ್ಕೆ ಎತ್ತರದಿಂದ ಸುರಿದ. ಇಲ್ಲ ಎನ್ನುವಂತಿರಲಿಲ್ಲ. ಷರತ್ತು ಹಾಕಬಾರದು ಎಂದು ಮಾತ್ರ ಯಾರೂ ಹೇಳಿಲ್ಲ.

“ಕೊಡ್ತೀನಿ. ನನ್ನ ಅಂಗಳದಲ್ಲಿ ಕೂತು, ಎಲ್ಲರ ಎದುರಿಗೆ, ಒಂದು ಬಟ್ಟಲು ಅಲಸಂದೆ ತಿನ್ನು. ತಿಂದು, ತ್ರಾವೊರೆಗಳು ಅಲಸಂದೆ ತಿನ್ನೋರು ಅನ್ನು.”

“ತಿಂತೀನಿ. ಅನ್ನಲ್ಲ.”

“ಹಾಗಾದ್ರೆ ಅನ್ನು, ತಿನ್ನಬೇಡ.”

“ಬಾಗಿಲು ಹಾಕು, ಎರಡೂ ಮಾಡ್ತೀನಿ.”

“ಅಂಗಳಕ್ಕೆ ಎಲ್ಲಿದೆಯೋ ಬಾಗಿಲು?”

ಮೊದಲ ಸುತ್ತಿನ ಚಹಾ ಹೀಗೆ ಮುಗಿಯಿತು. ಎರಡನೆಯ ಸುತ್ತಿನಲ್ಲಿ ದೊಡ್ಡಪ್ಪ ಅರ್ಧ ಬಟ್ಟಲಿಗೆ ಬಂದ. ಸಿರಿಮಾನ್ ಸಾಕ್ಷಿಗಳನ್ನು ಹತ್ತಕ್ಕೆ ಇಳಿಸಿದ. ಅಕ್ಕಪಕ್ಕದ ಮನೆಯವರು ಆಗಲೇ ಚಾಪೆ ತಂದು ಕೂತಿದ್ದರು, ಲೆಕ್ಕ ತಪ್ಪಿ ಇಪ್ಪತ್ತಾಗಿತ್ತು. ಮೂರನೆಯ ಸುತ್ತಿಗೆ ಒಪ್ಪಂದವಾಯಿತು. ಪೂರ್ತಿ ಬಟ್ಟಲು ತಿನ್ನುವುದು, ಮಾತನ್ನು ಒಂದೇ ಸಲ ಹೇಳುವುದು, ಯಾರೂ ಫೋನಿನಲ್ಲಿ ಹಿಡಿಯಬಾರದು.

ಸಿರಿಮಾನ್‌ನ ಸೊಸೆ ಬಟ್ಟಲು ತಂದಳು. ಈರುಳ್ಳಿ ಹುರಿದು ಹಾಕಿದ ಅಲಸಂದೆ. ಚಮಚವನ್ನು ಸಿರಿಮಾನ್ ತಾನೇ ಎದ್ದು ಕೊಟ್ಟ, ಹಿಡಿ ದೊಡ್ಡಪ್ಪನ ಕಡೆಗೆ.

ದೊಡ್ಡಪ್ಪ ತಲೆ ತಗ್ಗಿಸಿ ತಿಂದ. ಮೊದಲ ನಾಲ್ಕು ಚಮಚ ಔಷಧದಂತೆ. ಐದನೆಯದರಿಂದ ಕೈ ಬೇಗ ಬೇಗ ಹೋಯಿತು. ತಳ ಕೆರೆದ. ಬಟ್ಟಲು ಕೆಳಗಿಟ್ಟು, ಹೊಳೆಯ ಕಡೆ ನೋಡುತ್ತ, ಯಾರಿಗೋ ಸಂತಾಪ ಹೇಳುವ ದನಿಯಲ್ಲಿ, “ತ್ರಾವೊರೆಗಳು ಅಲಸಂದೆ ತಿನ್ನೋರು,” ಎಂದ.

ಅಂಗಳ ಕುಣಿಯಿತು. ಒಬ್ಬಳು ಮುದುಕಿ ಚಪ್ಪಾಳೆ ತಟ್ಟುತ್ತ ಅತ್ತೇಬಿಟ್ಟಳು. ಸಿರಿಮಾನ್ ಮಾತ್ರ ನಗಲಿಲ್ಲ. ಇಷ್ಟು ವರ್ಷ ಕಾದದ್ದು ಕೈಗೆ ಬಂದಾಗ ಎಲ್ಲಿಡಬೇಕೆಂದು ತೋಚದವನಂತೆ ಖಾಲಿ ಬಟ್ಟಲನ್ನು ನೋಡುತ್ತಿದ್ದ. ಆಮೇಲೆ ಒಳಗೆ ಹೋಗಿ ಬಣ್ಣದ ಡಬ್ಬ, ಜೊತೆಗೆ ತನ್ನ ಕುಂಚ ತಂದ.

“ನಡಿ. ಈ ಬಣ್ಣ ನಿನ್ನ ಕೈಗೆ ಬಗ್ಗಲ್ಲ. ನಾನೇ ಹಚ್ಚಿಕೊಡ್ತೀನಿ.”

ನಮ್ಮ ದಡದಲ್ಲಿ ಅವನನ್ನು ವಿದೇಶಿಯರ ಪುಸ್ತಕದಲ್ಲಿ ಬರೆದುಕೊಂಡರು.

“ಬಂದ ಉದ್ದೇಶ?” ಎಂದ ಪೊಲೀಸ್.

“ವಿದೇಶಿ ತಜ್ಞ ಅಂತ ಬರ್ಕೋ,” ಎಂದ ಸಿರಿಮಾನ್.

ಆ ಮಧ್ಯಾಹ್ನವೇ ಗೋಡೆಗೆ ಬೆಳ್ಳಿ ಬಣ್ಣ ಬಿತ್ತು. ದೊಡ್ಡಪ್ಪ ಏಣಿ ಹಿಡಿದು ಕೆಳಗೆ ನಿಂತಿದ್ದ, ಗೋಡೆ ಇಡೀ ಮೀನಿನಂತೆ ಮಿನುಗುತ್ತಿತ್ತು, ಹತ್ತಿರದಿಂದ ನೋಡಲಾಗುತ್ತಿರಲಿಲ್ಲ. ಬುಧವಾರ ಬೆಳಿಗ್ಗೆ ಸುಣ್ಣ ಹೊಡೆದರು. ಅಂದು ದಿನವಿಡೀ ಮೋಡ, ಗೋಡೆ ಕಾಯಲಿಲ್ಲ. ಸಂಜೆ ದೊಡ್ಡಪ್ಪ ಹೊಸ ಲಾಂಛನ ಬರೆದ. ಒಂದಕ್ಷರವೂ ಮೇಲೆ ಬರಲಿಲ್ಲ. ಬಾಕೊರೊ ಎರಡು ಸಲ ಬಂದು ನೋಡಿ, ಏನೂ ಹೇಳದೆ ಹೋದ. ಅವನ ಮಟ್ಟಿಗೆ ಅದು ಹೊಗಳಿಕೆ.

ಗುರುವಾರ ನಿಯೋಗ ಬಂತು. ಎರಡು ಬಿಳಿ ಕಾರು, ಗೋಡೆಯ ಮುಂದೆ ಶಾಮಿಯಾನ, ತಂಪು ನೀರಿನ ಬಾಟಲಿಗಳು. ಒಕ್ಕೂಟದವರು ‘ಸೋದರ ದೇಶ’ ಎಂದರು. ನಮ್ಮವರು ‘ಸಾರ್ವಭೌಮ’ ಎಂದರು. ಅವರು ಬಾಗಿಲು ತೆರೆದಿದೆ ಎಂದರು, ನಮ್ಮವರು ಬಾಗಿಲು ಎಂದೂ ಮುಚ್ಚಿರಲಿಲ್ಲ ಎಂದರು. ಹೊಳೆಯಲ್ಲಿ ಒಂದು ಕತ್ತೆ ಆ ಕಡೆಯಿಂದ ಈ ಕಡೆಗೆ ಬಂದು ನೀರು ಕುಡಿದು ವಾಪಸು ಹೋಯಿತು.

ಮಧ್ಯಾಹ್ನ ಒಂದರ ಹೊತ್ತಿಗೆ ಗೋಡೆ ಕಾಯಿತು. ನಾನು ಹೆಂಗಸರ ಜೊತೆ ಹಿಂದೆ ನಿಂತಿದ್ದೆ. ಹೊಸ ಲಾಂಛನದ ಪಕ್ಕ, ಖಾಲಿ ಬಿಳುಪಿನಲ್ಲಿ, ಕಂದು ಚುಕ್ಕೆಯೊಂದು ಕಂಡಿತು. ಆಮೇಲೆ ಇನ್ನೊಂದು. ಏಳು ಕಾಳು. ಅವುಗಳ ಸುತ್ತ ಸಿಪ್ಪೆ.

ದೊಡ್ಡಪ್ಪ ಶಾಮಿಯಾನದ ಕಂಬ ಹಿಡಿದುಕೊಂಡ. ಸಿರಿಮಾನ್ ಆ ದಡದಿಂದ ಚಾಪೆ ತಂದು ಮುಂದಿನ ಸಾಲಲ್ಲೇ ಕೂತಿದ್ದ. ಆಕಾಶ ನೋಡುತ್ತಿದ್ದ.

“ಅದಕ್ಕೆ ಹಚ್ಚಲಿಲ್ವೇನೋ?” ದೊಡ್ಡಪ್ಪನ ತುಟಿ ಮಾತ್ರ ಅಲುಗಿತು.

“ಬಣ್ಣ ಸಾಲಲಿಲ್ಲ,” ಎಂದ ಸಿರಿಮಾನ್. ಅರ್ಧ ತುಂಬಿದ ಡಬ್ಬ ನಮ್ಮ ಮನೆಯ ಜಗುಲಿಯಲ್ಲೇ ಇತ್ತು.

ಬಾಕೊರೊ ಎಲ್ಲರಿಗಿಂತ ತಡವಾಗಿ ನೋಡಿದ. ಅವನ ಮುಖ ಇಟ್ಟಿಗೆಯಾಯಿತು. ಅಷ್ಟರಲ್ಲಿ ನಿಯೋಗದ ಮುಖ್ಯಸ್ಥೆ, ಗಿನಿ ದೇಶದ ದಪ್ಪ ಹೆಂಗಸು, ಮಾತು ನಿಲ್ಲಿಸಿ ಕನ್ನಡಕ ತೆಗೆದಳು. ಗೋಡೆಯನ್ನು ನೋಡಿದಳು. ಅವಳ ಎದೆಯ ಮೇಲಿನ ಹೆಸರಿನ ಪಟ್ಟಿಯನ್ನು ನಾನು ಆಗಲೇ ಓದಿದ್ದು. ತ್ರಾವೊರೆ.

“ಈ ಠಾಣೇಲಿ ದಿಯಾರಾ ಯಾರಪ್ಪ?” ಎಂದಳು.

ಪೊಲೀಸರೆಲ್ಲ ಒಂದೇ ಕಡೆ ನೋಡಿದರು. ಬಾಕೊರೊ ಎದ್ದು ನಿಂತು ಸೆಲ್ಯೂಟ್ ಹೊಡೆದ.

“ಅದೇ ಅಂದ್ಕೊಂಡೆ. ಹಾಗಾದ್ರೆ ಇವತ್ತು ಊಟಕ್ಕೆ ಏನೂಂತ ಕೇಳೋ ಅಗತ್ಯ ಇಲ್ಲ.”

ಬಾಕೊರೊನ ಕೈ ಟೋಪಿಯ ಹತ್ತಿರ ಹೋಯಿತು, ನಿಂತಿತು, ಆಮೇಲೆ ಟೋಪಿಯನ್ನು ತೆಗೆದೇಬಿಟ್ಟಿತು. “ಅಮ್ಮಾ, ನಿಮ್ಮಂಥ ಅಲಸಂದೆ ತಿನ್ನೋರು ಬರ್ತಾರೆ ಅಂತಾನೇ ನಿನ್ನೆಯಿಂದ ನೆನೆಹಾಕ್ಸಿದೀನಿ,” ಎಂದ. ಶಾಮಿಯಾನ ನಗೆಯಲ್ಲಿ ಅಲುಗಿತು. ಎರಡೂ ಕಡೆಯವರು ಅಂದು ಒಟ್ಟಿಗೆ ಮಾಡಿದ್ದು ಅದೊಂದೇ. ಸಂಜೆಯ ಹೇಳಿಕೆಯಲ್ಲಿ ಅದರ ಪ್ರಸ್ತಾಪ ಇರಲಿಲ್ಲ. ಮತ್ತೊಮ್ಮೆ ಸೇರಿ ಮಾತಾಡುವುದೆಂದು ತೀರ್ಮಾನವಾಗಿದೆ ಎಂದಷ್ಟೇ ಇತ್ತು.

ಕಾರುಗಳು ಹೋದ ಮೇಲೆ ಬಾಕೊರೊ ದೊಡ್ಡಪ್ಪನನ್ನು ಕರೆದ. ಟೋಪಿ ಮತ್ತೆ ತಲೆಯ ಮೇಲಿತ್ತು.

“ಅಕ್ಷರ ಕಂಡ್ರೆ ಅಂದಿದ್ದೆ. ಕಂಡಿದ್ದು ಅಕ್ಷರ ಅಲ್ಲ. ಅದಕ್ಕೆ ಬಿಟ್ಟಿದೀನಿ, ಫ್ಲೆಕ್ಸ್ ಬೇಡ,” ಎಂದ. ಹೊಸ ಲಾಂಛನವನ್ನು ಉಗುರಿನಿಂದ ಕೆರೆದು ನೋಡಿದ. ಪುಡಿ ಕೈಗೆ ಬಂತು. “ಇದಕ್ಕೆ ಡಾಂಬರು ಹಾಕಿಲ್ವಾ?”

“ಇಲ್ಲ ಸಾಹೇಬ್ರೆ. ಬರೀ ನೀರುಬಣ್ಣ.”

“ಯಾಕೆ? ಇದೂ ಶಾಶ್ವತವೇ.”

“ಹೌದು ಸಾಹೇಬ್ರೆ. ಹೋದ ಸಲವೂ ಹಾಗೇ ಹೇಳಿದ್ರು.”

ದೊಡ್ಡಪ್ಪ ಏಣಿಯನ್ನು ಮನೆಗೆ ತರಲಿಲ್ಲ. ಠಾಣೆಯ ಗೋಡೆಗೇ ಒರಗಿಸಿ ಬಂದ.

ಮರುದಿನ ಶುಕ್ರವಾರ. ದೊಡ್ಡಮ್ಮ ಅಲಸಂದೆ ಬೇಯಿಸಿದ್ದಳು. ಬಟ್ಟಲು ಇಡುವಾಗ ರೂಢಿಯಂತೆ ನಾನು ಬಾಗಿಲು ಹಾಕಲು ಎದ್ದೆ.

“ಇರಲಿ ಬಿಡು ಮಗಳೇ,” ಎಂದ ದೊಡ್ಡಪ್ಪ. “ಸೆಖೆ.”