ಮೂತ್ರಕೋಶಕ್ಕೆ ಚೌಕಾಶಿ

ಒಂದು ಜೋಡಿ ಎತ್ತು, ಉಜ್ಜಿನಿ ದಾರಿಯಲ್ಲಿದ್ದ ನಮ್ಮ ಹುಣಸೆ ಮರಗಳು, ಅತ್ತಿಗೆಯ ಬಂಗಾರದ ಸರ. ಅಣ್ಣನ ಕಾಯಿಲೆಗೆ ಹೋದದ್ದು ಇಷ್ಟು. ಆಪರೇಷನ್ನಿಗೆ ಖರ್ಚಾಗಿರಬೇಕು ಎಂದು ನೀವು ತಿಳಿದರೆ ತಪ್ಪು. ಸರಕಾರಿ ಆಸ್ಪತ್ರೆಯಲ್ಲಿ ಅದು ಹೆಚ್ಚುಕಡಿಮೆ ಪುಕ್ಕಟೆ. ಇಷ್ಟೂ ಕರಗಿದ್ದು ಆಪರೇಷನ್ನು ತಪ್ಪಿಸಿಕೊಳ್ಳಲು ಅಲೆದದ್ದಕ್ಕೆ.

ನಾವಿಬ್ಬರೂ ದನದ ದಲ್ಲಾಳಿಗಳು. ಕೂಡ್ಲಿಗಿ ಸೀಮೆಯಿಂದ ಬರಿಗೈಯಲ್ಲಿ ಹೊರಟು ಸಂತೆ ಸಂತೆ ತಿರುಗಿ ಮನೆ ಕಟ್ಟಿದವರು. ನಮ್ಮ ಕಸುಬಿನಲ್ಲಿ ದರವನ್ನು ಬಾಯಿಂದ ಹೇಳುವುದಿಲ್ಲ. ಟವೆಲಿನ ಕೆಳಗೆ ಕೈಗೆ ಕೈ ಕೊಟ್ಟು, ಬೆರಳು ಹಿಡಿದು ತಿಳಿಸುತ್ತೇವೆ. ಕೊನೆಗೆ ಅಂಗೈ ಒತ್ತಿದರೆ ಒಪ್ಪಿಗೆ, ಆಮೇಲೆ ಮಾತಿಲ್ಲ. ಅಣ್ಣ ಇದರಲ್ಲಿ ನನ್ನ ಗುರು. ಮೊದಲು ಹೇಳಿದ ದರ ಯಾವತ್ತೂ ದರವಲ್ಲ ಎನ್ನುತ್ತಿದ್ದ. ಧೋತರದ ಧೂಳು ಕೊಡವಿ ಎದ್ದು ನಡೆದುಬಿಡುತ್ತಿದ್ದ. ಹಿಂದಿನಿಂದ ಮಾರುವವನು ಕೂಗಲೇಬೇಕು, ಕೂಗುತ್ತಲೂ ಇದ್ದ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಮಾಗಳದಲ್ಲಿ ಎತ್ತು ನೋಡಿಕೊಂಡು ಬರುವಾಗ ಅಣ್ಣ ದಾರಿ ಬದಿಯ ಜಾಲಿ ಗಿಡದ ಹತ್ತಿರ ಕೂತವನು ನನ್ನನ್ನು ಕರೆದ.

"ಲೇ ತಮ್ಮಾ, ಇಲ್ಲಿ ಬಾರಲೇ. ಯಾರೋ ಎಲಿ ಅಡಿಕಿ ಉಗುಳಿದಂಗ ಐತಿ ನೋಡು."

ಬಿಳಿ ಧೂಳಿನ ಮೇಲೆ ಕೆಂಪು ಮೂತ್ರ.

"ನೋವೈತೇನಣ್ಣ?"

"ಏನೂ ಇಲ್ಲ. ಬಿಸಿಲಿಗೆ ಹೀಟ್ ಆಗೇತಿ. ನಿಮ್ಮ ಅತ್ತಿಗಿಗೆ ಹೇಳಬ್ಯಾಡ, ಬೀಡಿ ಬಿಡು ಅಂತ ತಲಿ ತಿಂತಾಳ."

ಬಾರ್ಲಿ ಗಂಜಿ ಕುಡಿದ, ಎಳನೀರು ಕುಡಿದ. ಕೆಂಪು ನಿಂತಿತು. ಗಂಜಿ ಹತ್ತಿತು ಎಂದು ನಕ್ಕೆವು. ಗಂಜಿಗೂ ಅದಕ್ಕೂ ಸಂಬಂಧವಿರಲಿಲ್ಲ. ಈ ರೋಗದ ರಕ್ತ ತಾನಾಗಿ ಬರುತ್ತದೆ, ತಾನಾಗಿ ನಿಲ್ಲುತ್ತದೆ. ನಿಂತಾಗಲೂ ಒಳಗೆ ರೋಗ ಬೆಳೆಯುತ್ತಲೇ ಇರುತ್ತದೆ.

ಮತ್ತೆ ಕೆಂಪು ಕಂಡಾಗ ದೊಡ್ಡ ಊರಿನ ಸರಕಾರಿ ಆಸ್ಪತ್ರೆಗೆ ಹೋದೆವು. ಮೂತ್ರದ ದಾರಿಯಲ್ಲಿ ನಳಿಗೆ ಹಾಕಿ ಒಳಗೆ ನೋಡಿದರು, ಗಡ್ಡೆ ಕೆರೆದು ತೆಗೆದು ಪರೀಕ್ಷೆಗೆ ಕಳಿಸಿದರು. ಆಮೇಲೆ ಡಾಕ್ಟರು ಕೂರಿಸಿ ಹೇಳಿದರು: ಕ್ಯಾನ್ಸರ್. ಗಡ್ಡೆಯ ಬೇರು ಮೂತ್ರಕೋಶದ ಗೋಡೆಯ ಮಾಂಸಕ್ಕೆ ಇಳಿದಿದೆ. ಮೂತ್ರಕೋಶವನ್ನೇ ತೆಗೆಯಬೇಕು. ಕರುಳಿನ ಒಂದು ತುಂಡಿನಿಂದ ಹೊಟ್ಟೆಯ ಮೇಲೆ ಮೂತ್ರಕ್ಕೆ ದಾರಿ ಮಾಡಿ, ಹೊರಗೊಂದು ಚೀಲ ಕಟ್ಟುತ್ತೇವೆ.

ಅಣ್ಣ ಕೊರಳ ಲಿಂಗದ ಮೇಲೆ ಕೈ ಇಟ್ಟುಕೊಂಡ. "ಉಚ್ಚಿ ಚೀಲ ಕಟ್ಕೊಂಡು ಪೂಜಿಗೆ ಹೆಂಗ ಕುಂದರ್ಲಿ? ಅರ್ಧ ತಗೀರಿ ಸಾಹೇಬ್ರ."

"ಗಡ್ಡೆ ಒಂದೇ ಕಡೆ ಇದ್ದಿದ್ದರೆ ಆ ಮಾತು ಆಡಬಹುದಿತ್ತು. ಮೂರು ಕಡೆ ಇದೆ."

"ಹಂಗಾದ್ರ ಕರೆಂಟ್ ಕೊಡ್ರಿ. ಕೆಲವ್ರಿಗೆ ಕೊಡ್ತಾರಂತಲ್ರಿ."

"ರೇಡಿಯೇಷನ್ ಕೊಡಬಹುದು. ಮೂತ್ರಕೋಶ ಉಳಿಯುತ್ತೆ, ಆದರೆ ಸುಟ್ಟು ಸಣ್ಣದಾಗಬಹುದು, ರೋಗ ಮತ್ತೆ ಬರಬಹುದು. ನಿಮಗೆ ತೆಗೆಯೋದೇ ಒಳ್ಳೇದು. ಇದು ದನದ ಸಂತೆ ಅಲ್ಲ ಯಜಮಾನ್ರೇ."

ಅಣ್ಣ ಎದ್ದ. ಧೋತರ ಕೊಡವಿದ. ನಾನೂ ಎದ್ದೆ. ಉದ್ದನೆಯ ಪಡಸಾಲೆಯಲ್ಲಿ ನಡೆಯುತ್ತಾ ಪಿಸುಗುಟ್ಟಿದ: "ಹಿಂದ ನೋಡಬ್ಯಾಡಲೇ. ಕರೀತಾನ."

ಹಿಂದಿನಿಂದ ಕೂಗು ಬಂತು. ಅಣ್ಣನ ಮುಖ ಅರಳಿತು. ತಿರುಗಿ ನೋಡಿದರೆ, ನರ್ಸಮ್ಮ ಬಾಗಿಲಲ್ಲಿ ನಿಂತು ಮುಂದಿನ ರೋಗಿಯನ್ನು ಕರೆಯುತ್ತಿದ್ದಳು.

ಆ ಕೂಗು ಇವತ್ತಿಗೂ ನನ್ನ ಬೆನ್ನ ಹಿಂದೆ ಇದೆ. ಸಂತೆಯ ಗದ್ದಲದಲ್ಲಿ ಯಾರೋ ಯಾರನ್ನೋ ಕರೆದರೂ ನಾನು ನಿಂತುಬಿಡುತ್ತೇನೆ.

ಆಮೇಲೆ ಹರಪನಹಳ್ಳಿಯ ಪಂಡಿತರ ಭಸ್ಮ, ಹಡಗಲಿಯ ಬೇರಿನ ಕಷಾಯ, ಉಚ್ಚಂಗೆಮ್ಮನಿಗೆ ಹರಕೆ. ಒಂದೊಂದು ದಾರಿಗೂ ಒಂದೊಂದು ಹುಣಸೆ ಮರ. ಒಂದು ಬೆಳಗ್ಗೆ ಹೆಪ್ಪುಗಟ್ಟಿದ ರಕ್ತ ಸಿಕ್ಕಿಕೊಂಡು ಮೂತ್ರ ಕಟ್ಟಿತು. ಹಗ್ಗ ಬಿಗಿದ ಕರುವಿನಂತೆ ಒದ್ದಾಡಿದ. ಬಾಡಿಗೆ ಕಾರಿನಲ್ಲಿ ಅದೇ ಆಸ್ಪತ್ರೆಗೆ ಒಯ್ದೆವು, ಅದೇ ಡಾಕ್ಟರು. ಬೈಯಲಿಲ್ಲ. ದಪ್ಪ ರಬ್ಬರ್ ನಳಿಗೆ ಹಾಕಿ ತೊಳೆದರು. ಪಾದ ಊದಿತ್ತು. ಮೂತ್ರ ಹಿಂದಕ್ಕೆ ಒತ್ತಿ ಕಿಡ್ನಿ ಕೆಟ್ಟಿವೆ, ರೋಗ ಮೂತ್ರಕೋಶ ದಾಟಿದೆ, ಈಗ ತೆಗೆದರೂ ಫಲವಿಲ್ಲ ಎಂದು ನನ್ನೊಬ್ಬನಿಗೇ ಹೇಳಿದರು. ರಕ್ತ ನಿಲ್ಲಿಸಲು ಕರೆಂಟ್ ಕೊಟ್ಟರು. ನಿಂತಿತು. ಆದರೆ ಗಳಿಗೆಗೊಮ್ಮೆ ಉರಿಮೂತ್ರಕ್ಕೆ ಎದ್ದು ಓಡಬೇಕಾಗುತ್ತಿತ್ತು.

ಮನೆಗೆ ಕರೆತಂದ ಮೇಲೆ ಒಂದು ಮಧ್ಯಾಹ್ನ, ಅತ್ತಿಗೆ ಚೊಂಬು ತೊಳೆಯಲು ಹಿತ್ತಲಿಗೆ ಹೋಗಿದ್ದಾಗ, ಅಣ್ಣ ಹೆಗಲ ಟವೆಲನ್ನು ನಮ್ಮಿಬ್ಬರ ಕೈ ಮೇಲೆ ಎಳೆದುಕೊಂಡ. ಯಾವ ಬೆರಳನ್ನೂ ಹಿಡಿಯಲಿಲ್ಲ. ನೇರವಾಗಿ ಅಂಗೈ ಒತ್ತಿದ.

"ಲೇ, ಡಾಕ್ಟರಿಗೆ ಹೇಳು. ಪೂರಾ ತಗೀಲಿ. ಒಪ್ಪೇನಿ."

ನಾನು ತಿರುಗಿ ಒತ್ತಿದೆ. ನಮ್ಮ ಕಸುಬಿನಲ್ಲಿ ಹಾಗೆ ಒತ್ತಿದರೆ ವ್ಯಾಪಾರ ಮುಗಿದಂತೆ. ಅವನು ನಂಬಿದ. ಅದೇ ವಾರ ತೀರಿಹೋದ.

ಟವೆಲಿನ ಕೆಳಗೆ ಯಾರ ಕೈ ಹಿಡಿದರೂ ಒಂದು ಕ್ಷಣ ಅದು ಅವನ ಕೈ. ಆ ಒಣ ಬಿಸಿ ಹಾಗೇ ಇರುತ್ತದೆ. ಆದ್ದರಿಂದ ಈಗ ದರವನ್ನು ಬಾಯಿಬಿಟ್ಟೇ ಹೇಳುತ್ತೇನೆ, ಜನ ನಗುತ್ತಾರೆ.

ನಿಮಗೆ ಹೇಳುವುದಿಷ್ಟು. ಮೂತ್ರದಲ್ಲಿ ಒಂದೇ ಸಲ ಕೆಂಪು ಕಂಡರೂ, ನೋವಿಲ್ಲದಿದ್ದರೂ, ಮರುದಿನ ನಿಂತರೂ, ತೋರಿಸಿಕೊಳ್ಳಿ. ನೋವಿಲ್ಲ ಎಂಬುದೇ ಮೋಸ. ಬೇರು ಮಾಂಸಕ್ಕೆ ಇಳಿದಿದೆಯೇ ಎಂದು ಕೇಳಿ. ಇಳಿದಿಲ್ಲವಾದರೆ ಎಷ್ಟೋ ಜನರಿಗೆ ಕೆರೆದು ತೆಗೆದು, ಆಗಾಗ ಒಳಗೆ ನೋಡಿಸಿಕೊಂಡರೆ ಮೂತ್ರಕೋಶ ಉಳಿಯುತ್ತದೆ. ಆದರೆ ಆ ನೋಡಿಸುವುದನ್ನು ತಪ್ಪಿಸಬೇಡಿ. ಇಳಿದಿದ್ದರೆ ಇನ್ನೊಬ್ಬ ಡಾಕ್ಟರನ್ನು ಬೇಕಾದರೆ ಕೇಳಿ, ಬೇಗ ಕೇಳಿ. ಹೊಟ್ಟೆಗೆ ಚೀಲ ಕಟ್ಟಿಕೊಂಡು ಬಾಳುತ್ತಿರುವವರನ್ನು ಹುಡುಕಿ ಮಾತಾಡಿಸಿ. ಅವರಲ್ಲಿ ಹೊಲ ಮಾಡುವವರಿದ್ದಾರೆ, ಪೂಜೆ ಮಾಡುವವರೂ ಇದ್ದಾರೆ. ಬೀಡಿ ಬಿಡಿ. ಸಿಟ್ಟಿನಲ್ಲಿ ಎದ್ದು ಪಡಸಾಲೆಗೆ ಬಂದುಬಿಟ್ಟಿದ್ದರೆ, ಯಾರಾದರೂ ಕರೆಯಲಿ ಎಂದು ಕಾಯಬೇಡಿ. ನೀವೇ ತಿರುಗಿ ಒಳಗೆ ಹೋಗಿ.