ಎಷ್ಟನೆಯ ‘ಬೇಡ’?

ಸಿಂಗಪುರಕ್ಕೆ ಬಂದ ಮೊದಲ ಎಂಟು ತಿಂಗಳಲ್ಲಿ ನಾನು ಕನ್ನಡದವರ ಮನೆಗಳಿಗೆ ಹೋದದ್ದು ಮೂವತ್ತೊಂದು ಸಲ. ಪ್ರತಿ ಸಲವೂ ಕಾಫಿ ಕೊಡಲೇ ಎಂದು ಕೇಳಿದರು. ಪ್ರತಿ ಸಲವೂ ‘ಬೇಡ’ ಎಂದೆ. ಕುಡಿದದ್ದು ಮೂವತ್ತು ಸಲ. ಉಳಿದ ಒಂದು ಸಲ ಸೆಂಬವಾಂಗ್‌ನ ಮನೆಯೊಂದರಲ್ಲಿ ಹಾಲು ಒಡೆದುಹೋಗಿತ್ತು.

ಇದೆಲ್ಲ ನನ್ನ ಡೈರಿಯ ಹಿಂದಿನ ಪುಟಗಳಲ್ಲಿದೆ. ದಿನಾಂಕ, ಮನೆ, ಎಷ್ಟು ಸಲ ‘ಬೇಡ’ ಎಂದೆ, ಕೊನೆಗೆ ಏನಾಯಿತು ಎಂದು ನಾಲ್ಕು ಕಾಲಂ. ನಿಘಂಟಿನ ಪ್ರಕಾರ ಬೇಡ ಎಂದರೆ ಬೇಡ. ನನ್ನ ಪಟ್ಟಿಯ ಪ್ರಕಾರ ಮೊದಲನೆಯ ‘ಬೇಡ’ ಎಂದರೆ ‘ನಾನು ಒಳ್ಳೆಯ ಮನೆತನದವನು’. ಎರಡನೆಯದು ‘ಇನ್ನೊಮ್ಮೆ ಕೇಳಿ’. ಮೂರನೆಯದು ‘ಅರ್ಧ ಲೋಟ ಸಾಕು’; ಅದಕ್ಕೆ ಬರುವುದು ತುಂಬಿದ ಲೋಟ. ಚೋವಾ ಚು ಕಾಂಗ್‌ನ ಆಂಟಿಯೊಬ್ಬರಂತೂ ನನ್ನ ಎರಡನೆಯದಕ್ಕೂ ಕಾಯದೆ ಹಾಲು ಕಾಯಿಸಲು ಇಡುತ್ತಿದ್ದರು. ಪದದ ಒಳಗೆ ಅರ್ಥ ಕೂತಿರುತ್ತದೆ ಎಂದು ಶಾಲೆಯಲ್ಲಿ ಕಲಿಸಿದ್ದರು. ಅದು ಸುಳ್ಳು, ಅರ್ಥ ಇರುವುದು ಹೇಳುವವರಿಗೂ ಕೇಳುವವರಿಗೂ ಮೊದಲೇ ಆಗಿರುವ ಒಪ್ಪಂದದಲ್ಲಿ ಎಂದು ಕೊನೆಯ ಸಾಲಿನಲ್ಲಿ ಬರೆದು, ಕೆಂಪು ಪೆನ್ನಿನಲ್ಲಿ ಗೆರೆ ಎಳೆದೆ. ಇಷ್ಟು ತಿಳಿದವನು ಮುಂದೆ ಮಾಡಿದ ಕೆಲಸ ನೋಡಿ.

ರಾಫೆಲ್ಸ್ ಪ್ಲೇಸ್‌ನ ನಮ್ಮ ಬ್ಯಾಂಕಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ತಂಡದ ಮುಖ್ಯಸ್ಥರು, ಅಂದರೆ ಲೀಡ್, ಕೆಲಸ ಬಿಟ್ಟು ಹೋದರು. ಆ ಜಾಗ ನನಗೆ ಬೇಕಿತ್ತು. ಮೂರು ವಾರ ಡೈರಿಯಲ್ಲಿ ಬೇರೆ ವಿಷಯವೇ ಇಲ್ಲ. ನಾನು ಲೀಡ್ ಆದರೆ ಯಾರಿಗೆ ಯಾವ ಕೆಲಸ, ಮೀಟಿಂಗ್ ಎಷ್ಟು ನಿಮಿಷ ಎಂಬುದೂ ತೀರ್ಮಾನವಾಗಿತ್ತು. ಮಾರ್ಚ್ ಹನ್ನೊಂದು, ಮಂಗಳವಾರ, ಮ್ಯಾನೇಜರ್ ನನ್ನನ್ನು ರೂಮಿಗೆ ಕರೆದರು. ಇಲ್ಲೇ ಹುಟ್ಟಿ ಬೆಳೆದ ಚೀನೀ ಮಹಿಳೆ, ಮಾತು ಕಡಿಮೆ. ಲೀಡ್ ಆಗುತ್ತೀಯಾ ಎಂದು ನೇರವಾಗಿ ಕೇಳಿದರು.

ಒಳಗೆ ಕುಣಿದಾಡುತ್ತಿದ್ದೆ. ಬಾಯಿ ಮಾತ್ರ ಯಾರದೋ ಮನೆಯ ಸೋಫಾದ ತುದಿಯಲ್ಲಿ ಕೂತ ಹಾಗೆ ಆಡಿತು. ಅಯ್ಯೋ, ನಾನೇಕೆ, ನನಗಿಂತ ಅನುಭವ ಇರುವವರಿದ್ದಾರೆ, ಅವರೇ ಮಾಡಲಿ ಎಂದು ಒಳ್ಳೆಯ ಇಂಗ್ಲಿಷಿನಲ್ಲಿ ಹೇಳಿ ತಲೆಯನ್ನೂ ತಗ್ಗಿಸಿದೆ.

“ಓಕೆ, ಕ್ಯಾನ್,” ಎಂದು ಅವರು ಲ್ಯಾಪ್‌ಟಾಪಿನತ್ತ ತಿರುಗಿದರು. ಇಲ್ಲಿಯವರ ಇಂಗ್ಲಿಷಿನಲ್ಲಿ ಕ್ಯಾನ್ ಎಂದರೆ ‘ಆಯಿತು’.

ಮೊದಲ ಸುತ್ತು ಚೆನ್ನಾಗಿ ಮುಗಿಯಿತು ಎಂದು ಬರೆದುಕೊಂಡೆ. ಎರಡನೆಯ ಸಲ ಕೇಳುವುದನ್ನೇ ಕಾದೆ. ಬುಧವಾರ ಮ್ಯಾನೇಜರ್ ಲಿಫ್ಟಿನಲ್ಲಿ ಸಿಕ್ಕಿ, ಸೆಕೆ ಜಾಸ್ತಿ ಎಂದರು. ಪೀಠಿಕೆ ಇರಬೇಕೆಂದು ಡೈರಿಯಲ್ಲಿ ಒಂದು ಗುರುತು ಹಾಕಿದೆ. ಗುರುವಾರ ಪ್ಯಾಂಟ್ರಿಯಲ್ಲಿ ಮುಗುಳ್ನಕ್ಕರು, ಇನ್ನೊಂದು ಗುರುತು. ಶುಕ್ರವಾರ ಅವರು ಬರಲಿಲ್ಲ. ಹೇಗೆ ಕೇಳುವುದೆಂದು ಯೋಚಿಸುತ್ತಿರಬಹುದು ಎಂದು ಬರೆದೆ. ಸೋಮವಾರ ಬೆಳಿಗ್ಗೆ ಎಲ್ಲರಿಗೂ ಮೇಲ್ ಬಂತು. ಲೀಡ್ ಆದವಳು ನನ್ನ ಪಕ್ಕದ ಸೀಟಿನ ಉಡುಪಿಯ ಹುಡುಗಿ, ನನಗಿಂತ ಒಂದು ವರ್ಷಕ್ಕೆ ಜೂನಿಯರ್.

ಮಧ್ಯಾಹ್ನ ಊಟಕ್ಕೆ ಹೋದ ಹಾಕರ್ ಸೆಂಟರಿನಲ್ಲಿ, ಅಗ್ಗದ ತಿಂಡಿ ಅಂಗಡಿಗಳ ಸಾಲಿನ ನಡುವೆ, ಎದುರಿಗೆ ಕೂತು, ಅದು ಹೇಗೆ ಸಾಧ್ಯವಾಯಿತು ಎಂದು ಅವಳನ್ನು ಕೇಳಿದೆ. ಕೇಳಿದರು, ಹೂಂ ಅಂದೆ, ಅಷ್ಟೇ ಎಂದಳು. ನಾನು ನನ್ನ ಮೂರು ಬೇಡಗಳ ಸಿದ್ಧಾಂತವನ್ನು ಕಾಲಂ ಸಮೇತ ವಿವರಿಸಿದೆ. ಅವಳು ಚಮಚ ಕೆಳಗಿಟ್ಟಳು.

“ಅಲ್ಲ ಮಾರಾಯ, ಅವರೇನು ನಿನ್ನ ಸೋದರತ್ತೆಯಾ, ಮೂರು ಸಲ ಉಪಚಾರ ಮಾಡ್ಲಿಕ್ಕೆ? ಇಲ್ಲಿ ಒಂದೇ ಸಲ ಕೇಳೋದು. ನಿಂಗೆ ಇಂಟರೆಸ್ಟ್ ಇಲ್ಲ ಅಂತ ಅವರೇ ಹೇಳಿದ್ರು. ಪಾಪ, ನಿನ್ನ ಮೇಲೆ ಅವರಿಗೆ ಗೌರವ ಜಾಸ್ತಿ ಆಗಿದೆ. ತನ್ನ ಲಿಮಿಟ್ ತನಗೆ ಗೊತ್ತಿರೋ ಹುಡುಗ ಅಂದ್ರು.”

ನಾನು ನೂಡಲ್ಸ್ ಅರ್ಧಕ್ಕೇ ಬಿಟ್ಟು ಆಫೀಸಿಗೆ ನಡೆದೆ. ಮ್ಯಾನೇಜರ್ ಬಳಿ ಹೋಗಿ, ಆ ಕೆಲಸ ನನಗೆ ಬೇಕಿತ್ತು ಎಂದೆ. ಜೀವನದಲ್ಲಿ ‘ಬೇಕು’ ಎಂದು ಅಷ್ಟು ಸ್ಪಷ್ಟವಾಗಿ ಹೇಳಿದ್ದು ಅದೇ ಮೊದಲು, ಅದೂ ಭೂತಕಾಲದಲ್ಲಿ.

ಹಾಗಾದರೆ ಬೇಡ ಎಂದದ್ದೇಕೆ ಎಂದು ಅವರು ಕೇಳಿದರು. ಸಿಟ್ಟಿರಲಿಲ್ಲ, ನಿಜವಾಗಿಯೂ ತಿಳಿಯಬೇಕಿತ್ತು. ನನ್ನ ಬಳಿ ಎಂಟು ತಿಂಗಳ ಸಾಕ್ಷ್ಯವಿತ್ತು. ಅದನ್ನೆಲ್ಲ ಒಂದೇ ಪದಕ್ಕೆ ಇಳಿಸಿ, ಮರ್ಯಾದೆಗೆ ಎಂದೆ. ಅವರು, ತಾನು ಮತ್ತೆ ಕೇಳದೆ ಇದ್ದದ್ದೂ ಮರ್ಯಾದೆಗೇ ಎಂದರು. ಬೇಡ ಎಂದವರನ್ನು ಒತ್ತಾಯಿಸುವುದು ಅವರ ಪ್ರಕಾರ ಒರಟುತನ. ನಾವಿಬ್ಬರೂ ಅಷ್ಟೊಂದು ಮರ್ಯಾದಸ್ಥರಾಗಿದ್ದರಿಂದ ಆ ಕೆಲಸ ನನ್ನ ಕೈತಪ್ಪಿತ್ತು.

ನಾನು ಬಾಗಿಲ ಬಳಿ ಬಂದಾಗ ಅವರು ಹಿಂದಿನಿಂದ ಕರೆದರು. ಹೊಸ ಲೀಡ್‌ಗೆ ಮೊದಲೆರಡು ತಿಂಗಳು ಯಾರಾದರೂ ಕೆಲಸ ಹೇಳಿಕೊಡಬೇಕು, ನೀನು—

ಪ್ರಶ್ನೆ ಮುಗಿಯುವ ಮೊದಲೇ ಆಗಲಿ ಎಂದುಬಿಟ್ಟೆ. ಶನಿವಾರಗಳೂ ಸೇರಿ ಎಂಬುದು ಆಮೇಲೆ ಕೇಳಿಸಿತು.