ಬ್ಯಾಟರಿಗೆ ಹಿಡಿದ ಬೂಷ್ಟು
ಬ್ಯಾಡಗಿಯ ನಮ್ಮ ಮನೆ ಅಂಗಳದಲ್ಲಿ ಕಾರು ಕಟಕಟ ಅಂದು ಸುಮ್ಮನಾಯಿತು. ರಾಣೆಬೆನ್ನೂರಿಗೆ ಹೋಗಲು ಹೊತ್ತಾಗಿತ್ತು. ಟೈರಿಗೆ ಒದ್ದೆ. ಸಿಟ್ಟು ಇಳಿಯಲಿಲ್ಲ, ನಟ್ಟು ಬಿಚ್ಚುವ ಪಾನಾ ತಗೊಂಡು ಬಾನೆಟ್ಟು ತಗ್ಗು ಬೀಳುವಂತೆ ಬಡಿದೆ.

ಪಡಸಾಲೆಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದ ಹೆಂಡತಿ ಎದ್ದು ಬಂದು ಬಾನೆಟ್ಟು ತೆರೆದಳು. "ಬಡದ್ರ ಚಾಲೂ ಆಗತೈತೇನ್ರಿ? ಬ್ಯಾಟರಿಗೆ ಬೂಷ್ಟು ಹಿಡದೈತಿ ನೋಡ್ರಿ, ನಮ್ಮ ಇನ್ವರ್ಟರಿಗೆ ಹಿಡದಂಗ."

"ನನಗ ಕಲಸಾಕ ಬರ್ತೀಯೇನ?" ಅಂತ ಕೈ ಬೀಸಿದೆ. ಬೀಸಿದ ಅಂಗೈಯನ್ನು ಅವಳು ಗಾಳಿಯಲ್ಲೇ ಹಿಡಿದು ಹಿಚುಕಿದಳು. ಆಮೇಲೆ ಬಿಸಿನೀರು ತಂದು, ಬೂಷ್ಟು ತೊಳೆದು, ಟರ್ಮಿನಲ್ ತಾನೇ ಬಿಗಿ ಮಾಡಿದಳು. ಕಾರು ಒಂದೇ ಸಲಕ್ಕೆ ಚಾಲೂ ಆಯಿತು.

ದಾರಿಯಲ್ಲಿ ಅವಳು ಹಿಚುಕಿದ ಅದೇ ಕೈಯಿಂದ ಮುಖದ ಬೆವರು ಒರೆಸಿಕೊಂಡೆ. ಮೆಣಸಿನಕಾಯಿ ಖಾರಕ್ಕೆ ಕಣ್ಣು ಧಗಧಗ ಉರಿದು, ಗಾಡಿ ನಿಲ್ಲಿಸಿ ಗಟ್ಟಿಯಾಗಿ ಒದರಿದೆ. ಅವಳ ಕೈ ದಿನಾ ಹೀಗೇ ಉರಿಯುತ್ತದೇನು ಅಂತ ನಾನು ಒಮ್ಮೆಯೂ ಕೇಳಿದವನಲ್ಲ.